ತಾನಾಗಿಯೇ ದಾಖಲಾದವರನ್ನು ಮಾನಸಿಕ ಆಸ್ಪತ್ರೆ ಹಿಡಿದಿಟ್ಟುಕೊಳ್ಳಬಹುದಾ?

ಅಣ್ಣ ತಾನೇ ಸಹಿ ಹಾಕಿ ಮಂಗಳೂರಿನ ಆಸ್ಪತ್ರೆಗೆ ಸೇರಿದ್ದಾನೆ, ಈಗ ಮನೆಗೆ ಹೋಗ್ತೇನೆ ಅಂದರೆ ಬಿಡ್ತಾರಾ ಅಂತ ಕೇಳಿದ್ದೀರಿ. ಬಿಡಲೇಬೇಕು. ಮನೆಯವರ ಒಪ್ಪಿಗೆಯೂ ಬೇಕಿಲ್ಲ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಒಂದು ಮಾತಿನಿಂದ ಶುರುವಾಗುತ್ತದೆ: ಕಾಯಿಲೆ ಇದೆ ಅಂದಮಾತ್ರಕ್ಕೆ ನಿರ್ಧಾರ ಮಾಡುವ ಶಕ್ತಿ ಇಲ್ಲ ಅಂತಲ್ಲ. ಸಕ್ಕರೆ ಕಾಯಿಲೆಯವರು ವಾರ್ಡಿನಿಂದ ಹೊರಡುತ್ತೇನೆ ಅಂದರೆ ಯಾರೂ ಬಾಗಿಲು ಹಾಕುವುದಿಲ್ಲ, ಅಲ್ವಾ? ಇಲ್ಲಿಯೂ ಹಾಗೇ.

ಒಂದು ವಿನಾಯಿತಿ ಇದೆ. ದಾಖಲಾದವರು ಇತ್ತೀಚೆಗೆ ತಮಗೋ ಬೇರೆಯವರಿಗೋ ಅಪಾಯ ಮಾಡಲು ಹೋಗಿದ್ದರೆ, ಅಥವಾ ತಮ್ಮ ನಿರ್ಧಾರವೇ ಅರ್ಥವಾಗದ ಸ್ಥಿತಿಯಲ್ಲಿದ್ದರೆ, ವೈದ್ಯರು 24 ಗಂಟೆ ತಡೆಯಬಹುದು. ಅದು ಸುಮ್ನೆ ಕೂರಿಸಲು ಅಲ್ಲ, ಪರೀಕ್ಷಿಸಲು. ಮುಂದೆಯೂ ಇಟ್ಟುಕೊಳ್ಳಬೇಕಾದರೆ ಇಬ್ಬರು ತಜ್ಞರು ಬೇರೆಬೇರೆಯಾಗಿ ನೋಡಬೇಕು. ರೋಗಿಯ ಪರ ಮಾತಾಡುವ ನಾಮನಿರ್ದೇಶಿತ ಪ್ರತಿನಿಧಿ ಅರ್ಜಿ ಕೊಡಬೇಕು. ಆಗಲೂ ಮೊದಲಿಗೆ ಗರಿಷ್ಠ 30 ದಿನ, ಮತ್ತು ಅದನ್ನು ಇಂಥ ದಾಖಲಾತಿ ಸರಿಯಿದೆಯಾ ಅಂತ ನೋಡುವ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ತಿಳಿಸಲೇಬೇಕು.

ಒಳಗಿರುವಾಗಲೂ ಹಕ್ಕು ಹೋಗುವುದಿಲ್ಲ. ಸರಪಳಿ ಹಾಕುವಂತಿಲ್ಲ, ಬಲವಂತವಾಗಿ ತಲೆ ಬೋಳಿಸುವಂತಿಲ್ಲ. ಅರಿವಳಿಕೆ ಕೊಡದೆ ಕರೆಂಟ್ ಚಿಕಿತ್ಸೆ ಮಾಡುವಂತಿಲ್ಲ. ಮನೆಗೆ ಫೋನ್ ಮಾಡುವ ಹಕ್ಕೂ ಇದೆ. ಅಣ್ಣನ ದನಿಯನ್ನೇ ಕೇಳಲು ಬಿಡದಿದ್ದರೆ ಖಂಡಿತ ಪ್ರಶ್ನೆ ಮಾಡಿ.

ತಕರಾರಿದ್ದರೆ ಮಂಗಳೂರಿನಲ್ಲಾಗಲಿ ಉಡುಪಿಯಲ್ಲಾಗಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಈ ಕಾಯ್ದೆಯಡಿ ರೋಗಿಗೆ ವಕೀಲರ ನೆರವು ಉಚಿತ.