ವಾರದ ಸಂತೆಗೆ ಯಾವ ತರಕಾರಿ ಬೆಳೆದರೆ ಲಾಭ?

ನಾಲ್ಕು ಗುಂಟೆ ಹಿತ್ತಲು, ಶುಕ್ರವಾರದ ಸಂತೆ, ಯಾವುದಕ್ಕೆ ಜಾಸ್ತಿ ರೇಟು ಅನ್ನೋ ಲೆಕ್ಕ. ನಾನೂ ಅಲ್ಲಿಂದಲೇ ಶುರು ಮಾಡಿದ್ದು. ಕೊತ್ತಂಬರಿ ರೇಟು ಏರಿದೆ ಅಂತ ಒಂದು ಗುಂಟೆ ಪೂರ್ತಿ ಒಂದೇ ದಿನ ಬಿತ್ತಿದೆ. ಕೆಟ್ಟಿದ್ದು ಅಲ್ಲೇ.

ಕೊತ್ತಂಬರಿ 40 ದಿನದ ಆಸುಪಾಸಿಗೆ ಕೊಯ್ಲಿಗೆ ಬರುತ್ತದೆ. ಬೇಸಿಗೆ ಬಿಸಿಲಾದರೆ ಆಮೇಲೆ ನಿಲ್ಲುವುದಿಲ್ಲ, ವಾರದೊಳಗೆ ಹೂಕೋಲು ಎದ್ದು, ಅಗಲ ಎಲೆ ಹೋಗಿ ಸಬ್ಬಸಿಗೆ ಥರ ಎಳೆ ಎಳೆಯಾಗುತ್ತದೆ. ಅದನ್ನು ಯಾರೂ ಮುಟ್ಟುವುದಿಲ್ಲ. ಅಂದರೆ 1,089 ಚದರಡಿ ಸೊಪ್ಪಿಗೆ ಸಿಗುವುದು ಒಂದೇ ಸಂತೆ. ಒಬ್ಬರು ಕೂತು ಮಾರಿ ಮುಗಿಸುವ ಮಾಲಲ್ಲ ಅದು, ಉಳಿದಿದ್ದು ದನಕ್ಕೆ. ಮುಂದಿನ ಐದು ಶುಕ್ರವಾರ ಒಯ್ಯಲು ಒಂದು ಕಟ್ಟೂ ಇಲ್ಲ. ಅಷ್ಟರಲ್ಲಿ ಗಿರಾಕಿಗೆ ಬೇರೆಯವರ ಹತ್ತಿರ ರೂಢಿಯಾಗಿರುತ್ತದೆ. ನೋಡಿ, ರೇಟು ಬಿದ್ದಿರಲಿಲ್ಲ, ಬೆಳೆಯೂ ತಪ್ಪಾಗಿರಲಿಲ್ಲ.

ಆದ್ದರಿಂದ ‘ಯಾವ ತರಕಾರಿ’ ಅನ್ನೋದನ್ನು ಬಿಟ್ಟು ಮಡಿ ಎಣಿಸಿ. 10 ಅಡಿ ಉದ್ದ, 3 ಅಡಿ ಅಗಲದ ಮಡಿಗಳು, ನಡುವೆ ಒಂದಡಿ ದಾರಿ. ಕೊತ್ತಂಬರಿಗೆ ಆರು, ಮೆಂತ್ಯಕ್ಕೆ ನಾಲ್ಕು, ದಂಟಿನ ಸೊಪ್ಪಿಗೆ ನಾಲ್ಕು, ಪಾಲಕ್‌ಗೆ ಎರಡೇ ಸಾಕು. ಪಾಲಕ್‌ನ ಬುಡದಲ್ಲಿ ಎರಡು ಇಂಚು ಬಿಟ್ಟು ಕೊಯ್ದರೆ ಎರಡು ವಾರಕ್ಕೆ ಮತ್ತೆ ಚಿಗುರುತ್ತದೆ, ಮಡಿ ಬದಲಿಸುತ್ತಾ ಕೊಯ್ಯಬಹುದು. ಉಳಿದ ಮೂರನ್ನೂ ಒಟ್ಟಿಗೆ ಬಿತ್ತದೆ, ಪ್ರತಿ ಶನಿವಾರ ಒಂದೊಂದಕ್ಕೂ ಒಂದೇ ಮಡಿಯಂತೆ ಬಿತ್ತಿ; ಖಾಲಿಯಾದ ಮಡಿಗೆ ಗೊಬ್ಬರ ಹಾಕಿ ಮತ್ತೆ ಬಿತ್ತಿ. ಕೊತ್ತಂಬರಿ 40ನೇ ದಿನ, ಮೆಂತ್ಯ ಮತ್ತು ದಂಟು 26ನೇ ದಿನ, ಎರಡಕ್ಕೂ ಸರಿಯಾಗಿ ಗುರುವಾರ ಬೀಳುತ್ತದೆ. ಹವೆ ನೋಡಿಕೊಂಡು ನಾಲ್ಕೈದು ದಿನ ಹಿಂದೆಮುಂದೆ ಆಗುತ್ತದೆ, ಅದಕ್ಕೆ ಒಂದೆರಡು ಮಡಿ ಹೆಚ್ಚಿಗೆ ಇರಲಿ. ಇಷ್ಟೂ ಒಂದೇ ಗುಂಟೆಯಲ್ಲಿ ಹಿಡಿಯುತ್ತದೆ. ಮಿಕ್ಕ ಮೂರರಲ್ಲಿ ಬದನೆ, ಬೀನ್ಸು, ಮೆಣಸಿನಕಾಯಿ ಹಾಕಿಕೊಳ್ಳಿ.

ಕೊತ್ತಂಬರಿ ಬೀಜವನ್ನು ಚಪ್ಪಲಿಯಡಿ ಉಜ್ಜಿ ಎರಡು ಹೋಳು ಮಾಡಿ, ರಾತ್ರಿ ನೆನೆಸಿ, ನೆರಳಲ್ಲಿ ಆರಿಸಿ ಬಿತ್ತಬೇಕು. ಇಡೀ ಕಾಳು ಹಾಕಿದರೆ ಮೊಳಕೆ ಹಿಂದುಮುಂದಾಗಿ ನಿಮ್ಮ ಶನಿವಾರದ ಲೆಕ್ಕವೇ ಕೆಡುತ್ತದೆ. ಮಾರ್ಚ್‌ನಿಂದ ಮೇ ತನಕ ನೆರಳು ಪರದೆ ಬೇಕೇ ಬೇಕು. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ‘ಅರ್ಕಾ ಇಶಾ’ ತಳಿ ಸಿಕ್ಕರೆ ಇನ್ನೂ ಒಳ್ಳೆಯದು: ತಡವಾಗಿ ಹೂ ಬಿಡುತ್ತದೆ, ಒಂದಕ್ಕಿಂತ ಹೆಚ್ಚು ಸಲ ಕೊಯ್ಯಬಹುದು.

ಗುರುವಾರ ಬಿಸಿಲಿಳಿದ ಮೇಲೆ ಕಿತ್ತು, ಬಾಳೆನಾರಲ್ಲಿ ಕಟ್ಟಿ, ಬೇರು ಮಾತ್ರ ನೀರಿಗಿಟ್ಟು, ಮೇಲೆ ಒದ್ದೆ ಗೋಣಿ ಹೊದಿಸಿ. ತೊಳೆದ ಸೊಪ್ಪನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಿದರೆ ರಾತ್ರಿ ಒಳಗೇ ಬಿಸಿಯಾಗಿ ಬೆಳಗ್ಗೆ ಎಲೆ ಕಪ್ಪಾಗಿರುತ್ತದೆ.

ಸಂತೆ ಮುಗಿಯುವ ಹೊತ್ತಿಗೆ ‘ಹತ್ತಕ್ಕೆ ಮೂರು’ ಅಂತ ಕೂಗಬೇಡಿ. ಮುಂದಿನ ವಾರ ಅದೇ ಗಿರಾಕಿ ಅದೇ ಹೊತ್ತಿಗೆ ಬರುತ್ತಾರೆ. ಉಳಿದ ನಾಲ್ಕು ಕಟ್ಟು ದಂಟಿನ ಸೊಪ್ಪು ಮನೆಗೇ ಬರಲಿ, ರಾತ್ರಿ ಬಸ್ಸಾರಿಗಾಯಿತು.