ಸೇಂಟ್ ಮೇರೀಸ್ ದ್ವೀಪಕ್ಕೆ ಒಂದು ಬೆಳಗ್ಗೆ, ಬಾರ್ಕೂರಿಗೆ ಒಂದು ಪೂರ್ತಿ ದಿನ

ನಮಸ್ಕಾರ. ರೋಬಸ್ಟಾ ಕಾಫಿಯ ಕೊಯ್ಲು ಮುಗಿದ ಮೇಲೆ ಮೊಣಕಾಲು ನೋವಿರುವ ತಂದೆಯವರನ್ನೂ ಇಬ್ಬರು ಮಕ್ಕಳನ್ನೂ ಕರೆದುಕೊಂಡು ಮೂಡಿಗೆರೆಯಿಂದ ಮೂರು ದಿನ ಕರಾವಳಿಗೆ ಹೋಗಬೇಕೆಂದೂ, ಅಲ್ಲಿ ಒಂದು ದ್ವೀಪವನ್ನು ನೋಡಬೇಕೆಂದೂ, ಪ್ರವಾಸ ಬರಿಯ ನೀರಾಟವಾಗದೆ ಹಳೆಯ ಕಾಲದ ಸ್ಥಳಗಳನ್ನೂ ಕಾಣಿಸಬೇಕೆಂದೂ ಬರೆದಿದ್ದೀರಿ. ನೇತ್ರಾಣಿಯೋ ಸೇಂಟ್ ಮೇರೀಸೋ ಎಂದು ಕೇಳಿದ್ದೀರಿ. ನಿಮ್ಮ ಮನೆಯವರಿಗೆ ಸೇಂಟ್ ಮೇರೀಸೇ ಸರಿ. ಮುರುಡೇಶ್ವರದಿಂದ ಹೋಗುವ ನೇತ್ರಾಣಿಯಲ್ಲಿ ದೋಣಿಯಿಂದ ನೀರಿಗಿಳಿದು ಸ್ಕೂಬಾ ಮಾಡುವುದೇ ಮುಖ್ಯ. ಹಿರಿಯರು ಬಂದರೆ ದೋಣಿಯಲ್ಲಿಯೇ ಕುಳಿತು ಕಾಯಬೇಕಾಗುತ್ತದೆ.

ಉಡುಪಿಯ ಬಳಿಯ ಮಲ್ಪೆಯಿಂದ ಸೇಂಟ್ ಮೇರೀಸಿಗೆ ಹೋಗುವ ದೋಣಿಗಳು ಮಳೆಗಾಲದಲ್ಲಿ ನಿಂತಿರುತ್ತವೆ. ಕೊಯ್ಲು ಮುಗಿದು, ಹೂವಿಗಾಗಿ ಸ್ಪ್ರಿಂಕ್ಲರ್ ಹಾಕುವ ಮೊದಲು ನಮಗೆ ಸಿಗುವ ಬಿಡುವಿನಲ್ಲಿ ಸಮುದ್ರ ಸಾಮಾನ್ಯವಾಗಿ ಶಾಂತವಾಗಿಯೇ ಇರುವುದರಿಂದ ಸಮಯದ ವಿಷಯದಲ್ಲಿ ನೀವು ಚಿಂತಿಸಬೇಕಾಗಿಲ್ಲ. ಆದರೆ ಭಾನುವಾರ ಬೇಡ. ವಾರದ ನಡುವೆ, ಬೆಳಗಿನ ಮೊದಲ ದೋಣಿಗೇ ಹೋಗಿ. ದ್ವೀಪದಲ್ಲಿ ತೆಂಗಿನ ಮರಗಳ ಕೆಳಗೆ ಬಿಟ್ಟರೆ ನೆರಳು ಕಡಿಮೆ. ಹನ್ನೊಂದು ಗಂಟೆಯ ನಂತರ ಕರಿಗಲ್ಲು ಕಾದು, ಮಲೆನಾಡಿನ ತಂಪಿಗೆ ಹೊಂದಿಕೊಂಡ ನಮ್ಮಂಥವರಿಗೆ ನಿಲ್ಲುವುದೇ ಕಷ್ಟವಾಗುತ್ತದೆ. ದೋಣಿಯಿಂದ ಇಳಿಯುವಾಗ ಕಾಲು ನೆನೆಯಬಹುದು, ಕೆಲವೊಮ್ಮೆ ದೊಡ್ಡ ದೋಣಿಯಿಂದ ಸಣ್ಣದಕ್ಕೆ ದಾಟಬೇಕಾಗಬಹುದು. ಆದ್ದರಿಂದ ಟಿಕೆಟ್ ಕೊಳ್ಳುವ ಮೊದಲೇ ತಂದೆಯವರ ಮೊಣಕಾಲಿನ ವಿಷಯವನ್ನು ಅಲ್ಲಿನ ಸಿಬ್ಬಂದಿಗೆ ತಿಳಿಸಿ, ಆ ದಿನ ಹೇಗೆ ಇಳಿಸುತ್ತಾರೆಂದು ಕೇಳಿಕೊಳ್ಳುವುದು ಒಳ್ಳೆಯದು.

ದ್ವೀಪದಲ್ಲಿ ನೋಡಬೇಕಾದದ್ದು ಮರಳಲ್ಲ, ಕಲ್ಲು. ಐದು, ಆರು, ಏಳು ಮುಖಗಳ ಕಂಬಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿರುವುದನ್ನು ಕಂಡಾಗ, ಬೇಲೂರು ಹಳೇಬೀಡುಗಳನ್ನು ನೋಡಿ ಬೆಳೆದ ನಮ್ಮ ಮಕ್ಕಳು ಇದನ್ನು ಯಾರು ಕೆತ್ತಿದರೆಂದೇ ಮೊದಲು ಕೇಳುತ್ತಾರೆ. ಯಾರೂ ಕೆತ್ತಿಲ್ಲ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಭಾರತವೂ ಮಡಗಾಸ್ಕರ್ ದ್ವೀಪವೂ ಒಂದರಿಂದೊಂದು ಬೇರ್ಪಡುತ್ತಿದ್ದ ಕಾಲದಲ್ಲಿ, ನೆಲದೊಳಗಿನಿಂದ ಉಕ್ಕಿ ಬಂದ ಲಾವಾ ನಿಧಾನವಾಗಿ ತಣಿಯುತ್ತ ಕುಗ್ಗಿತು. ಬೇಸಿಗೆಯಲ್ಲಿ ಒಣಗಿದ ಕೆರೆಯ ಅಂಗಳದ ಮಣ್ಣು ಬಿರಿಯುವಂತೆ ಬಿರಿಯಿತು. ಆ ಬಿರುಕು ಮೇಲಿನಿಂದ ಕೆಳಗೆ ಇಳಿದಂತೆಲ್ಲ ಕಂಬಗಳಾದವು. ಮಡಗಾಸ್ಕರಿನಲ್ಲಿಯೂ ಅದೇ ಕಾಲದ ಲಾವಾ ಶಿಲೆಗಳು ದೊರೆತಿರುವುದರಿಂದ, ಎರಡು ಭೂಭಾಗಗಳು ಒಂದಾಗಿದ್ದವು ಎಂಬುದಕ್ಕೆ ಈ ಕಲ್ಲುಗಳು ಸಾಕ್ಷಿಯಾಗಿವೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯು ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ಮಹಾರಾಷ್ಟ್ರವನ್ನು ಹೊದ್ದಿರುವ ಡೆಕ್ಕನ್ ಟ್ರ್ಯಾಪ್ ಲಾವಾ ಕೂಡ ಇದಕ್ಕಿಂತ ಸುಮಾರು 2 ಕೋಟಿ ವರ್ಷ ಕಿರಿಯದು. ಇಷ್ಟನ್ನು ದೋಣಿಯಲ್ಲಿಯೇ ಮಕ್ಕಳಿಗೆ ಹೇಳಿಟ್ಟರೆ ಅವರು ದ್ವೀಪವನ್ನು ನೋಡುವ ರೀತಿಯೇ ಬದಲಾಗುತ್ತದೆ. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದು ಶಿಲುಬೆ ನೆಟ್ಟು ಮೇರಿಯ ಹೆಸರಿಟ್ಟನೆಂಬ ಪ್ರತೀತಿಯಿದೆ. ಅದಕ್ಕೆ ಇಷ್ಟು ಮಹತ್ವ ಸಾಕು.

ಬಂಡೆಗಳ ಮೇಲೆ ಚಿಪ್ಪುಗಳು ಅಂಟಿಕೊಂಡು ಹರಿತವಾಗಿರುತ್ತವೆ, ಪಾಚಿಯಿರುವ ಕಡೆ ಕಾಲು ಜಾರುತ್ತದೆ. ಹಿಂಬದಿಗೆ ಪಟ್ಟಿಯಿರುವ ಚಪ್ಪಲಿಯನ್ನೇ ಎಲ್ಲರಿಗೂ ಹಾಕಿಸಿ. ಫೋಟೋಗಾಗಿ ಅಲೆ ಬಡಿಯುವ ಕಂಬಗಳ ಅಂಚಿಗೆ ಹೋಗಿ ಪ್ರಾಣ ಕಳೆದುಕೊಂಡವರಿದ್ದಾರೆ. ಮಕ್ಕಳ ಕೈಯನ್ನು ಅಲ್ಲಿ ಬಿಡಲೇಬೇಡಿ, ಕಾವಲಿನವರು ತೋರಿಸಿದ ಜಾಗದ ಹೊರಗೆ ನೀರಿಗೆ ಇಳಿಯಬೇಡಿ.

ಮಲ್ಪೆಯ ತೀರದಲ್ಲಿ ವಾಟರ್ ಸ್ಕೂಟರ್, ಪ್ಯಾರಾಸೇಲಿಂಗ್ ಎಲ್ಲ ಇವೆ. ನನ್ನ ಅಭಿಪ್ರಾಯದಲ್ಲಿ ಆ ಹಣವನ್ನು ಕಯಾಕಿಗೆ ಕೊಡುವುದು ಮೇಲು. ಸ್ವರ್ಣಾ ಮತ್ತು ಸೀತಾ ನದಿಗಳು ಕಡಲು ಸೇರುವ ಕೋಡಿ ಬೆಂಗ್ರೆಯ ಅಳಿವೆಯಲ್ಲಾಗಲಿ, ಸಾಲಿಗ್ರಾಮದ ಹಿನ್ನೀರಿನಲ್ಲಾಗಲಿ, ಕಡಲ ನೀರು ಏರುವ ಭರತದ ಹೊತ್ತಿಗೆ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವೆ ಹುಟ್ಟು ಹಾಕುತ್ತ ಹೋದರೆ ಹಕ್ಕಿಗಳೂ ಮೀನುಗಾರರ ಬಲೆಗಳೂ ಹತ್ತಿರದಿಂದ ಕಾಣುತ್ತವೆ. ಇಳಿತದ ಹೊತ್ತಿನಲ್ಲಿ ಹೋದರೆ ಕೆಸರಷ್ಟೇ ಸಿಗುತ್ತದೆ, ಹಿಂದಿನ ದಿನವೇ ವೇಳೆ ವಿಚಾರಿಸಿ. ಸಂಜೆ ಬಿಡುವಿದ್ದರೆ 1901ರಲ್ಲಿ ಕಟ್ಟಿದ ಕಾಪು ದೀಪಸ್ತಂಭಕ್ಕೆ ಹೋಗಬಹುದು. ಮೇಲಕ್ಕೆ ಮಕ್ಕಳು ಮಾತ್ರ ಹತ್ತಲಿ.

ಎರಡನೆಯ ದಿನವನ್ನು ಪೂರ್ತಿಯಾಗಿ ಬಾರ್ಕೂರಿಗೆ ಕೊಡಿ ಎಂದು ನಾನು ಒತ್ತಿ ಹೇಳುತ್ತೇನೆ. ಉಡುಪಿಗೆ ಬರುವ ನಮ್ಮ ಕಡೆಯವರಲ್ಲಿ ಹೆಚ್ಚಿನವರು ಕೃಷ್ಣಮಠವನ್ನು ನೋಡಿ ಹಿಂತಿರುಗುತ್ತಾರೆ, ಬಾರ್ಕೂರಿನ ಹೆಸರನ್ನೂ ಕೇಳಿರುವುದಿಲ್ಲ. ಸೀತಾ ನದಿಯ ಬದಿಯ ಈ ಊರು ಕರಾವಳಿಯನ್ನು ಆಳಿದ ಆಳುಪ ಅರಸರ ರಾಜಧಾನಿಯಾಗಿತ್ತು. ವಿಜಯನಗರದ ಕಾಲದಲ್ಲಿ ಬಾರ್ಕೂರು ರಾಜ್ಯವೆಂಬ ಪ್ರಾಂತದ ಕೇಂದ್ರವಾಗಿತ್ತು. ಹೊಯ್ಸಳ ಮೂರನೆಯ ಬಲ್ಲಾಳನ ರಾಣಿ ಚಿಕ್ಕಾಯಿತಾಯಿ 14ನೆಯ ಶತಮಾನದಲ್ಲಿ ಇಲ್ಲಿಂದ ಆಳಿದವಳು. ಹಳೇಬೀಡಿನ ಅರಸುಮನೆಯ ಕೈ ಘಟ್ಟ ಇಳಿದು ಕಡಲಿನವರೆಗೆ ಚಾಚಿತ್ತು ಎಂಬುದನ್ನು ಹಾಸನ, ಚಿಕ್ಕಮಗಳೂರಿನವರು ಈ ಊರಿನಲ್ಲಿ ನಿಂತು ತಿಳಿದುಕೊಳ್ಳಬೇಕು. ಕತ್ತಲೆ ಬಸದಿ, ಕೋಟೆಯ ಅವಶೇಷ, ಶಾಸನದ ಕಲ್ಲುಗಳು, ಕೇರಿಕೇರಿಗಳಲ್ಲಿ ಹರಡಿರುವ ಹಳೆಯ ದೇವಸ್ಥಾನಗಳು ಎಲ್ಲವೂ ಬಹುಮಟ್ಟಿಗೆ ಸಮತಟ್ಟಾದ ನೆಲದಲ್ಲಿವೆ. ಕಾರು ನಿಲ್ಲಿಸುತ್ತ ನಿಲ್ಲಿಸುತ್ತ ನೋಡಿದರೆ ತಂದೆಯವರಿಗೆ ಆಯಾಸವಾಗದು.

ಹೋಗುವಾಗ ಕೊಟ್ಟಿಗೆಹಾರ, ಚಾರ್ಮಾಡಿ, ಬೆಳ್ತಂಗಡಿಯ ದಾರಿಯಲ್ಲಿ ವೇಣೂರಿನಲ್ಲಿ ಇಳಿಯಿರಿ. ಶ್ರವಣಬೆಳಗೊಳದ 58 ಅಡಿಯ ಗೊಮ್ಮಟನನ್ನು ಮೆಟ್ಟಿಲು ಹತ್ತಲಾಗದೆ ನೋಡದಿರುವ ಹಿರಿಯರು, 1604ರಲ್ಲಿ ಸ್ಥಾಪನೆಯಾದ ಈ 35 ಅಡಿಯ ಮೂರ್ತಿಯನ್ನು ಬೆಟ್ಟ ಹತ್ತದೆಯೇ ಕಾಣಬಹುದು. ಮುಂದೆ ಮೂಡುಬಿದಿರೆಯಲ್ಲಿ 1430ರ ಸಾವಿರ ಕಂಬದ ಬಸದಿಗೆ ಒಂದು ಗಂಟೆ ಇಟ್ಟುಕೊಳ್ಳಿ. ಕಾರ್ಕಳದ ಗೊಮ್ಮಟ ಬಂಡೆಯ ಮೇಲಿರುವುದರಿಂದ ಅದನ್ನು ಹಿಂತಿರುಗುವ ದಿನಕ್ಕೆ ಬಿಡಿ. ಬಜಗೋಳಿ, ಕುದುರೆಮುಖ, ಕಳಸದ ಮೂಲಕ ಮರಳುವುದಾದರೆ ಕಾರ್ಕಳದಿಂದ ಮಧ್ಯಾಹ್ನವೇ ಹೊರಡಿ. ಆ ಕಾಡಿನ ರಸ್ತೆಯನ್ನು ಬೆಳಕಿರುವಾಗಲೇ ದಾಟಬೇಕು, ನಡುವೆ ಎಲ್ಲಿಯೂ ಗಾಡಿ ನಿಲ್ಲಿಸಿ ಊಟಕ್ಕೆ ಕೂರಬಾರದು.