ಓದುಗರ ಪ್ರಶ್ನೆ: ಮಗಳನ್ನು ಸಿಂಗಾಪುರಕ್ಕೆ ಕಳಿಸಲಾ, ಬೇಡವಾ?

ಪ್ರಶ್ನೆ: ಮಗಳಿಗೆ ಹದಿನಾಲ್ಕು ವರ್ಷ, ಒಂಬತ್ತನೇ ಕ್ಲಾಸು. ದೀಪಾವಳಿ ರಜೆಯಲ್ಲಿ ಶಾಲೆಯವರು ಐದು ದಿನ ಸಿಂಗಾಪುರಕ್ಕೆ ಕರೆದುಕೊಂಡು ಹೋಗುತ್ತಾರಂತೆ. ಒಂದು ಲಕ್ಷದ ಹತ್ತಿರ ಖರ್ಚು. ಅವಳಿಗೆ ಪಾಸ್‌ಪೋರ್ಟೂ ಇಲ್ಲ. ಯಜಮಾನರು ಸೊಸೈಟಿಯಲ್ಲಿ ಸಾಲ ತೆಗೆಯೋಣ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಯಾರೂ ವಿಮಾನ ಹತ್ತಿದವರಲ್ಲ. ನನಗಂತೂ ನಿದ್ದೆ ಬರುತ್ತಿಲ್ಲ. ಏನು ಮಾಡಲಿ?
– ಒಬ್ಬ ತಾಯಿ, ಡೊಂಬಿವಲಿ

ಉತ್ತರ: ಸಾಲ ಮಾಡಿ ಕಳಿಸಬೇಡಿ ಅಮ್ಮ. ಐದು ದಿನದ ಪ್ರವಾಸಕ್ಕೆ ಅವಳ ಹತ್ತನೇ ಕ್ಲಾಸು ಮುಗಿಯುವವರೆಗೂ ಕಂತು ಕಟ್ಟುತ್ತಾ ಕೂರಬೇಕಾಗುತ್ತದೆ, ಒಂದಲ್ಲ ಒಂದು ದಿನ ಯಾರೋ ಸಿಟ್ಟಿನಲ್ಲಿ ಅದನ್ನು ಆ ಹುಡುಗಿಯ ಮುಂದೆ ಎತ್ತಿ ಆಡುತ್ತಾರೆ. ಕೈಯಲ್ಲಿ ದುಡ್ಡಿಲ್ಲ ಎಂದು ಅವಳಿಗೇ ನೇರ ಹೇಳಿ. ಹದಿನಾಲ್ಕು ವರ್ಷದವಳಿಗೆ ಅರ್ಥವಾಗುತ್ತದೆ. ಕೂಡಿಟ್ಟದ್ದು ಇದ್ದರೆ ಮಾತು ಬೇರೆ, ಆಗ ಸುಮ್ನೆ ಹೆದರಬೇಡಿ, ಕಳಿಸಿ.

ಹೋಗಲಿ ಬಿಡಲಿ, ಪಾಸ್‌ಪೋರ್ಟ್ ಮಾತ್ರ ಈಗಲೇ ಮಾಡಿಸಿ. ಮಕ್ಕಳಿಗೆ ಶುಲ್ಕ 1000 ರೂಪಾಯಿ, ಅವಳ ವಯಸ್ಸಿಗೆ ಐದು ವರ್ಷ ನಡೆಯುತ್ತದೆ ಅಥವಾ ಹದಿನೆಂಟು ತುಂಬುವವರೆಗೆ, ಯಾವುದು ಮೊದಲೋ ಅದು. ಅಪ್ಪ ಅಮ್ಮ ಇಬ್ಬರೂ ಅನೆಕ್ಸರ್ ಡಿ ಅನ್ನುವ ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಬೇಕು. ಇಷ್ಟು ಸುಲಭ. ಕಷ್ಟ ಇರುವುದು ಹೆಸರಿನಲ್ಲಿ. ನಮ್ಮವರಲ್ಲಿ ಚೊಚ್ಚಲ ಹೆರಿಗೆ ತವರಲ್ಲೇ ಅಲ್ವಾ? ಹಾಗಾಗಿ ಜನನ ಪತ್ರ ಕುಂದಾಪುರದ್ದೋ ಜಮಖಂಡಿಯದ್ದೋ ಇರುತ್ತದೆ, ಅದರಲ್ಲಿ ಬರೀ ಮಗುವಿನ ಹೆಸರು. ಇಲ್ಲಿನ ಶಾಲೆಯಲ್ಲಿ ಮಗುವಿನ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಮೂರೂ ಸಾಲಾಗಿ ಬರೆದಿರುತ್ತಾರೆ. ಆಧಾರ್‌ನಲ್ಲಿ ಇನ್ನೊಂದು ಥರ. ಮೂರನ್ನೂ ಊಟದ ಮೇಜಿನ ಮೇಲೆ ಪಕ್ಕ ಪಕ್ಕ ಇಟ್ಟು ಒಂದೊಂದೇ ಅಕ್ಷರ ತಾಳೆ ನೋಡಿ. ನನ್ನ ತಂಗಿಯ ಮಗನಿಗೆ ಟೂರಿನವರು ಶಾಲೆಯ ಹಾಜರಿ ಪಟ್ಟಿ ನೋಡಿ ಟಿಕೆಟ್ ತೆಗೆದಿದ್ದರು. ಪಾಸ್‌ಪೋರ್ಟ್‌ನಲ್ಲಿ ಹೆಸರು ಬೇರೆ. ಹೊರಡುವ ಎರಡು ದಿನ ಮುಂಚೆ ಗೊತ್ತಾಯಿತು, ಸರಿಪಡಿಸುವ ಖರ್ಚು ಬಿದ್ದದ್ದು ತಂಗಿಯ ತಲೆಗೆ.

ದುಡ್ಡು ಕಟ್ಟುವಾಗ ಯಜಮಾನರ ಪ್ಯಾನ್ ನಂಬರ್ ಕೊಟ್ಟು ರಸೀದಿ ತೆಗೆದುಕೊಳ್ಳಿ. ವಿದೇಶ ಪ್ರವಾಸದ ಪ್ಯಾಕೇಜಿಗೆ ಟಿಸಿಎಸ್ ಅಂತ ತೆರಿಗೆ ಹಿಡಿಯುತ್ತಾರೆ, ರಿಟರ್ನ್ ತುಂಬುವಾಗ ಅದನ್ನು ಲೆಕ್ಕಕ್ಕೆ ತೋರಿಸಬಹುದು. ವೀಸಾ ಬೇಕೇ ಬೇಕು. ಆದರೆ ಅಲ್ಲಿಗೆ ಇಳಿಯುವ ಮುನ್ನ ಮೂರು ದಿನದೊಳಗೆ ಆನ್‌ಲೈನ್‌ನಲ್ಲಿ ತುಂಬುವ ಅರೈವಲ್ ಕಾರ್ಡ್ ಪುಕ್ಕಟೆ, ಅದಕ್ಕೂ ಯಾರಾದರೂ ಶುಲ್ಕ ಕೇಳಿದರೆ ಕೊಡಬೇಡಿ.

ಇನ್ನು, ದಿನ ದಿನದ ಕಾರ್ಯಕ್ರಮ ಬರೆದ ಕಾಗದ ಕೇಳಿ ಪಡೆಯಿರಿ. ಹೆಸರಿಗೆ ಶೈಕ್ಷಣಿಕ ಪ್ರವಾಸ, ಒಳಗೆ ನೋಡಿದರೆ ಸೈನ್ಸ್ ಸೆಂಟರ್‌ಗೆ ಒಂದು ತಾಸು, ಶಾಪಿಂಗಿಗೆ ಮೂರು ತಾಸು. ಹಾಗಿದ್ದರೆ ಸಭೆಯಲ್ಲೇ ಎದ್ದು ಕೇಳಿ, ನಾಚಿಕೆ ಬೇಡ. ಗಾರ್ಡನ್ಸ್ ಬೈ ದ ಬೇ ಉದ್ಯಾನದ ಕ್ಲೌಡ್ ಫಾರೆಸ್ಟ್ ಅನ್ನುವ ಗಾಜಿನ ಮನೆ ಇರಲಿ, ರಾತ್ರಿ ಪ್ರಾಣಿ ನೋಡುವ ನೈಟ್ ಸಫಾರಿ ಇರಲಿ. ಚೈನಾಟೌನ್ ನಡುವೆ 1827ರ ಮಾರಿಯಮ್ಮನ ಗುಡಿ ಇದೆ, ಅದನ್ನು ತೋರಿಸದೆ ಬಸ್ಸಿನಲ್ಲಿ ದಾಟಿಸಿಬಿಟ್ಟರೆ ನನಗೆ ಸಿಟ್ಟು ಬರುತ್ತದೆ. ಮೆರ್‌ಲಯನ್ ಅನ್ನುವ ಸಿಂಹದ ತಲೆ, ಮೀನಿನ ಮೈಯ ಪ್ರತಿಮೆ ಮಾತ್ರ ಎಂಟೂವರೆ ಮೀಟರಿನದು ಅಷ್ಟೇ, ಫೋಟೋದಲ್ಲಿ ಜಾಸ್ತಿ ದೊಡ್ಡದಾಗಿ ಕಾಣುತ್ತದೆ. ಚಾಂಗಿ ವಿಮಾನ ನಿಲ್ದಾಣದ ಜ್ಯೂವೆಲ್‌ನಲ್ಲಿ 40 ಮೀಟರಿನ ಜಲಪಾತವಿದೆ, ಕಟ್ಟಡದೊಳಗೆ! (ನಮ್ಮ ಜೋಗ 253 ಮೀಟರ್, ಆದರೆ ಮಳೆಗಾಲ ಬರಬೇಕು.) ಅದು ಇರುವುದು ತಪಾಸಣೆಗಿಂತ ಹೊರಗೆ, ವಾಪಸು ಬರುವ ದಿನ ಬೇಗ ಹೊರಟರೆ ನೋಡಬಹುದು.

ತಿಂಡಿಯ ವಿಷಯ. ಒಣ ಚಕ್ಕುಲಿ, ಕೋಡುಬಳೆ ಕಟ್ಟಿಕೊಡಿ. ಗಸಗಸೆ ಹಾಕಿದ ಅಂಟಿನುಂಡೆ, ಕರದಂಟು ಬೇಡವೇ ಬೇಡ. ಸಿಂಗಾಪುರದಲ್ಲಿ ಗಸಗಸೆ ನಿಷಿದ್ಧ, ಮಾದಕ ವಸ್ತುವಿನ ಲೆಕ್ಕಕ್ಕೆ ಬರುತ್ತದೆ. ಇದನ್ನು ತಂಗಿಗೆ ಹೇಳಿದಾಗ ಅವಳು ಆಗಲೇ ಡಬ್ಬಿ ತುಂಬಿ ಟೇಪ್ ಸುತ್ತಿಯಾಗಿತ್ತು, ಉಂಡೆಗಳನ್ನೆಲ್ಲ ನಾವೇ ಕೂತು ತಿಂದೆವು. ಉಪ್ಪಿನಕಾಯಿಯನ್ನು ಕೈಚೀಲದಲ್ಲಿ ಬಿಡುವುದಿಲ್ಲ.

ಅಲ್ಲಿಯ ಗಡಿಯಾರ ನಮಗಿಂತ ಎರಡೂವರೆ ತಾಸು ಮುಂದೆ. ನೀವು ಊಟ ಮುಗಿಸಿ ರಾತ್ರಿ ಒಂಬತ್ತಕ್ಕೆ ಫೋನ್ ಮಾಡಿದರೆ ಅವಳಿಗೆ ಹನ್ನೊಂದೂವರೆ. ಸಂಜೆ ಆರಕ್ಕೇ ಮಾಡಿ.

ಪ್ರಶ್ನೆ: ನಾನೂ ಸ್ಕೂಲಿಂದ ಸಿಂಗಾಪುರಕ್ಕೆ ಹೋಗುತ್ತಿದ್ದೇನೆ, ಮೊದಲನೇ ಸಲ ವಿಮಾನ. ಕಿವಿ ನೋಯುತ್ತದಂತೆ, ಚೂಯಿಂಗ್ ಗಮ್ ಇಟ್ಟುಕೋ ಅಂತ ಫ್ರೆಂಡ್ ಹೇಳಿದ. ಕಿಟಕಿ ಸೀಟು ಸಿಗುತ್ತದಾ?
– ಎಂಟನೇ ಕ್ಲಾಸಿನ ಹುಡುಗ, ಠಾಣೆ

ಉತ್ತರ: ಗಮ್ ಮನೆಯಲ್ಲೇ ಬಿಡು ಪುಟ್ಟ. 1992ರಿಂದ ಅದನ್ನು ಆ ದೇಶದೊಳಗೆ ತರುವ ಹಾಗಿಲ್ಲ. ಪೆಪ್ಪರಮಿಂಟು ಇಟ್ಟುಕೋ. ವಿಮಾನ ಏರುವಾಗಲೂ ಇಳಿಯುವಾಗಲೂ ಒಳಗಿನ ಗಾಳಿಯ ಒತ್ತಡ ಬದಲಾಗುತ್ತದೆ, ಉಗುಳು ನುಂಗಿದರೆ ಕಿವಿಯಿಂದ ಗಂಟಲಿಗೆ ಹೋಗುವ ಸಣ್ಣ ನಾಳ ತೆರೆದು ಎರಡೂ ಕಡೆ ಸಮ ಆಗುತ್ತದೆ. ಇಳಿಯುವಾಗಲೇ ಜಾಸ್ತಿ ನೋವು, ಆಗ ನಿದ್ದೆ ಮಾಡಬೇಡ. ಜೋರು ನೆಗಡಿ ಇದ್ದರೆ ಮೊದಲೇ ಡಾಕ್ಟರಿಗೆ ತೋರಿಸು. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಲಿ, ದೊಡ್ಡ ಪೆಟ್ಟಿಗೆಗೆ ಹಾಕುವಂತಿಲ್ಲ. ಕಿಟಕಿ ಸೀಟು ಟೀಚರ್ ಕೈಯಲ್ಲಿದೆ. ರಾತ್ರಿ ವಿಮಾನವಾದರೆ ಹೊರಗೆ ಬರೀ ಕತ್ತಲೆ, ಬರುವಾಗಿನದ್ದಕ್ಕೆ ಜಗಳ ಮಾಡು.

ಪ್ರಶ್ನೆ: ನಮ್ಮ ಕಾಲದಲ್ಲಿ ಶಾಲೆಯ ಪ್ರವಾಸವೆಂದರೆ ಹಂಪಿ, ಬಿಜಾಪುರ. ಈಗಿನ ಮಕ್ಕಳಿಗೆ ವಿದೇಶವೇ ಯಾಕೆ?
– ಒಬ್ಬ ಅಜ್ಜ, ಪುಣೆ

ಉತ್ತರ: ಅಜ್ಜನವರೇ, ಮೊಮ್ಮಕ್ಕಳನ್ನು ಗೋಳಗುಮ್ಮಟಕ್ಕೆ ನೀವೇ ಕರೆದುಕೊಂಡು ಹೋಗಿ. ಪುಣೆಯಿಂದ ಒಂದು ರಾತ್ರಿ ಪ್ರಯಾಣ. ಬೆಳಗ್ಗೆ ಬಾಗಿಲು ತೆರೆದ ಕೂಡಲೇ ಮೇಲೆ ಹತ್ತಿಬಿಡಿ, ಪಿಸುಗುಟ್ಟಿದ್ದೂ ಆಚೆ ಗೋಡೆಯಲ್ಲಿ ಕೇಳುತ್ತದೆ. ತಡ ಮಾಡಿದಿರೋ, ಶಾಲೆಯ ಬಸ್ಸುಗಳು ಬಂದು ನೂರು ಮಕ್ಕಳು ಒಟ್ಟಿಗೆ ಕಿರುಚುತ್ತಿರುತ್ತಾರೆ.